“ಫಾರಿನರ್‌ಗಳಿಗೆ ಬೇಲ್ ಕೊಟ್ಟರೆ ಓಡಿಹೋಗಲ್ವಾ ಸಾರ್?”

ಮದುವೆ ಊಟದ ಪಂಕ್ತಿಯಲ್ಲಾಗಲಿ, ಲಿಫ್ಟಿನಲ್ಲಾಗಲಿ, ಕ್ರಿಮಿನಲ್ ವಕೀಲ ಅಂತ ಗೊತ್ತಾದ ಕೂಡಲೇ ಕೇಳುವುದು ಇದನ್ನೇ: “ಫಾರಿನರ್‌ಗಳಿಗೆ ಯಾಕ್ ಸಾರ್ ಬೇಲ್ ಕೊಡ್ತೀರಿ? ಓಡಿಹೋಗಲ್ವಾ?”

ಕೊಡುವುದು ನಾನಲ್ಲ ಸ್ವಾಮಿ. ನಾನು ಕೇಳುವವನು, ಕೊಡುವವರು ಪೀಠದ ಮೇಲಿರುತ್ತಾರೆ. ಇನ್ನು ಆ ‘ಫಾರಿನರ್’. ವೈಟ್‌ಫೀಲ್ಡಿನಲ್ಲಿ ಕುಡಿದು ಕಾರು ಗುದ್ದಿಸುವ ಜರ್ಮನ್ ಇಂಜಿನಿಯರ್ ನಿಮ್ಮ ತಲೆಯಲ್ಲಿಲ್ಲ. ಯಾರಿದ್ದಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ‘ನಾಗರಿಕ’ ಅನ್ನುವುದಿಲ್ಲ, ‘ವ್ಯಕ್ತಿ’ ಅನ್ನುತ್ತದೆ.

ಓಡಿಹೋಗುತ್ತಾರಾ? ಕೆಲವರು ಹೋಗುತ್ತಾರೆ. ನಮ್ಮವರೂ ಹೋಗುತ್ತಾರೆ, ಅವರಿಗೆ ಹೊಸೂರು ದಾಟಿದರೆ ಸಾಕು. ತಡೆಯಲೆಂದೇ ಷರತ್ತು ಇರುವುದು. ತೊಂದರೆ ಏನೆಂದರೆ, ಬಹಳ ಷರತ್ತುಗಳು ಓಡುವವನನ್ನು ತಡೆಯುವುದಿಲ್ಲ, ನಿಲ್ಲುವವನನ್ನು ಜೈಲಿನಲ್ಲೇ ಇಡುತ್ತವೆ.

ರಾಯಭಾರ ಕಚೇರಿಯ ಪ್ರಮಾಣಪತ್ರವನ್ನೇ ನೋಡಿ. ‘ನಮ್ಮ ಪ್ರಜೆ ಭಾರತ ಬಿಟ್ಟು ಹೋಗುವುದಿಲ್ಲ’ ಅಂತ ಅವರು ಬರೆದುಕೊಡಬೇಕಂತೆ. ವರ್ಷಗಟ್ಟಲೆ ಕೊಳೆಯುತ್ತಿದ್ದ ಮಾದಕವಸ್ತು ಪ್ರಕರಣಗಳ ವಿಚಾರಣಾಧೀನ ಕೈದಿಗಳಿಗಾಗಿ ಸುಪ್ರೀಂ ಕೋರ್ಟ್ 1994ರಲ್ಲಿ ಒಂದು ಸಲಕ್ಕೆ ಹೇಳಿದ್ದು ಇದು. ಆಮೇಲೆ ಆದೇಶದಿಂದ ಆದೇಶಕ್ಕೆ ನಕಲಾಗುತ್ತಾ ಬಂತು. ಆರೋಪಿಯನ್ನು ಹಿಡಿದಿಡುವ ಅಧಿಕಾರವೇ ಇಲ್ಲದ ಕಚೇರಿ ಏನಂತ ಬರೆದುಕೊಟ್ಟೀತು? ಕೊಡದಿದ್ದರೆ ಬೇಲ್ ಕಾಗದದಲ್ಲಿ, ಮನುಷ್ಯ ಒಳಗೆ. 2024ರ ಜುಲೈ 8ರಂದು ನೈಜೀರಿಯಾದ ಪ್ರಜೆಯೊಬ್ಬನ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಈ ಷರತ್ತನ್ನು ತೆಗೆದುಹಾಕಿದರು. ತಾನಿರುವ ಜಾಗ ಪೊಲೀಸರಿಗೆ ಕಾಣುವಂತೆ ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಬೇಕೆಂಬ ಷರತ್ತೂ ಅದರ ಜೊತೆಗೇ ಹೋಯಿತು. ಆ ಪಿನ್‌ನಿಂದ ಆಗಿಂದಾಗಲೇ ಯಾರ ಬೆನ್ನೂ ಹತ್ತಲಾಗದು ಅಂತ ಗೂಗಲ್ ಕಂಪನಿಯೇ ಪ್ರಮಾಣ ಮಾಡಿತ್ತು. ಪಿನ್ ಹಾಕಿದಲ್ಲೇ ಇರುತ್ತದೆ, ಮನುಷ್ಯ ಇರಬೇಕೆಂದಿಲ್ಲ.

ಕೆಲಸಕ್ಕೆ ಬರುವುದು ಬೇಸರ ಹಿಡಿಸುವ ಕಾಗದಪತ್ರ. ಅದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2025ರ ಜನವರಿ 6ರ ಆದೇಶದಂತೆ, ಬೇಲ್ ಆದ ಕೂಡಲೇ ವಿದೇಶಿಯರ ನೋಂದಣಿ ಅಧಿಕಾರಿಗೆ, ಬೆಂಗಳೂರಿನಲ್ಲಾದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒಗೆ, ತಿಳಿಸುವಂತೆ ಕೋರ್ಟು ತನಿಖಾ ಸಂಸ್ಥೆಗೆ ಹೇಳಬೇಕು. ಜೊತೆಗೆ ಪೊಲೀಸರ ಕೋರಿಕೆಯಂತೆ ಲುಕ್‌ಔಟ್ ಸುತ್ತೋಲೆ ಹೊರಟರೆ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲೇ ತಡೆ. ಎಡವಟ್ಟಾಗುವುದು ಹೆಸರಿನಲ್ಲಿ. ಠಾಣೆಯಲ್ಲಿ ಕಿವಿಗೆ ಬಿದ್ದಂತೆ ಎಫ್‌ಐಆರ್‌ಗೆ ಇಳಿದ ಹೆಸರೇ ಬೇರೆ, ಪಾಸ್‌ಪೋರ್ಟಿನ ಹೆಸರೇ ಬೇರೆ. ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ ಎರಡೂ ಆದೇಶದಲ್ಲಿರಲಿ. ಪಾಸ್‌ಪೋರ್ಟ್ ಕೋರ್ಟಿನಲ್ಲಿದೆ ಅಂತ ಮಾತ್ರ ನಿಶ್ಚಿಂತೆ ಬೇಡ. ಕಳೆದುಹೋಯಿತು ಅಂದರೆ ತಾತ್ಕಾಲಿಕ ಪ್ರಯಾಣಪತ್ರ ಸಿಗುವುದುಂಟು.

ಸ್ಥಳೀಯ ಜಾಮೀನುದಾರ ಬೇಕೆಂಬ ಹಟ ಇನ್ನೊಂದು. ಹಾಸ್ಟೆಲ್ ಹುಡುಗನಿಗೆ ಪಹಣಿ ಇರುವ ಗೆಳೆಯ ಎಲ್ಲಿಂದ ಬರಬೇಕು? ಬರುವವರು ಕೋರ್ಟ್ ಗೇಟಿನ ಬಳಿ ಒಂದೇ ಪಹಣಿಯನ್ನು ನಾಲ್ಕು ಕೇಸಿಗೆ ತಿರುಗಿಸುವ ಕಸುಬಿನವರು. ಇವನು ಓಡಿದರೆ ಅವರೂ ನಾಪತ್ತೆ. ಸ್ಥಳೀಯ ಜಾಮೀನಿನ ಷರತ್ತು ಬೇಡವೆಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದೇ ಹೇಳಿದೆ. ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಾದ ಬಿಎನ್‌ಎಸ್‌ಎಸ್‌ನ 490ನೇ ಕಲಂನಡಿ ನಗದು ಠೇವಣಿಗೆ ಅವಕಾಶವಿದೆ, ಬೇಲ್ ಅರ್ಜಿ ಹಾಕುವವರೇ, ಅದನ್ನು ಕೇಳಿ. ಮೊತ್ತ ಅತಿಯಾಗಬಾರದೆಂದು 484ನೇ ಕಲಂ ಹೇಳುತ್ತದೆ, ಅದನ್ನೂ ಓದಿ ತೋರಿಸಿ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ಬಿಡುಗಡೆಯಾದ ರಾತ್ರಿ ಅವನು ಎಲ್ಲಿ ಮಲಗುತ್ತಾನೆ? ವೀಸಾ ಜೈಲಿನಲ್ಲೇ ಮುಗಿದಿದೆ, ಪಾಸ್‌ಪೋರ್ಟ್ ಕೋರ್ಟಿನಲ್ಲಿದೆ. ವಿದೇಶಿಯರನ್ನು ಇಟ್ಟುಕೊಂಡರೆ ಇಪ್ಪತ್ನಾಲ್ಕು ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕೊಡಬೇಕು. ಇಂಥವನಿಗೆ ಯಾವ ಲಾಡ್ಜಿನವನು ರೂಮು ಕೊಟ್ಟಾನು? ಕೊನೆಗೆ ಪರಪ್ಪನ ಅಗ್ರಹಾರದಿಂದ ಹೊರಬಿದ್ದವನು ನೆಲಮಂಗಲದ ಬಳಿಯ ಸೊಂಡೇಕೊಪ್ಪದಲ್ಲಿರುವ ವಿದೇಶಿಯರ ಬಂಧನ ಕೇಂದ್ರ ಸೇರಬಹುದು. ಅದಕ್ಕೇ ಅರ್ಜಿಯ ಜೊತೆ ಮನೆ ಮಾಲೀಕರ ಒಪ್ಪಿಗೆ ಪತ್ರ ಇಡಿ. ಹಾಜರಿ ಹಾಕುವ ಠಾಣೆ ಆ ಮನೆಗೆ ಹತ್ತಿರವಿರಲಿ. ಪಾಸ್‌ಪೋರ್ಟಿನ ದೃಢೀಕೃತ ಪ್ರತಿ ಕೇಳಿ. ನವೀಕರಣಕ್ಕೆಂದು ಅದನ್ನು ಹೊರತೆಗೆಯಲು ಅನುಮತಿಯನ್ನೂ ಅದೇ ಆದೇಶದಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಖುಲಾಸೆಯಾದ ದಿನ ಕೋರ್ಟಿನ ಬೀರುವಿನಿಂದ ಬರುವುದು ಅವಧಿ ಮುಗಿದ ಪಾಸ್‌ಪೋರ್ಟ್. ಹೊಸದಕ್ಕೆ ರಾಯಭಾರ ಕಚೇರಿಗೆ, ಎಕ್ಸಿಟ್ ಪರ್ಮಿಟ್‌ಗೆ ಎಫ್‌ಆರ್‌ಆರ್‌ಒಗೆ ಅಲೆದಾಟ ಶುರು. ಆಗ ಅವನು ಓಡುವುದಿರಲಿ, ಹೋಗಲೂ ಆಗುವುದಿಲ್ಲ.