ಅತಿಥಿ ಆಟಗಾರ ಮತ್ತು ಆಧಾರ್ ಕಾರ್ಡ್

ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿದರೆ ಸಾಕು, ಕಾರವಾರದಿಂದ ಕುಮಟಾದವರೆಗೆ ಅಂಗಡಿಗಳ ಗೋಡೆಯ ಮೇಲೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ನಗದು ಬಹುಮಾನದ ಮೊತ್ತ ದಪ್ಪ ಅಕ್ಷರಗಳಲ್ಲಿರುತ್ತದೆ. ನಿಯಮಗಳು ಕೆಳಗೆ ಸಣ್ಣ ಅಕ್ಷರಗಳಲ್ಲಿರುತ್ತವೆ. 'ತಾಲ್ಲೂಕಿನ ಆಟಗಾರರಿಗೆ ಮಾತ್ರ. ಆಧಾರ್ ಕಾರ್ಡ್ ಕಡ್ಡಾಯ. ಪ್ರತಿ ತಂಡಕ್ಕೆ ಇಬ್ಬರು ಅತಿಥಿ ಆಟಗಾರರಿಗೆ ಅವಕಾಶ.' ನಮ್ಮೂರಿನ ಪಂದ್ಯಾವಳಿಯ ಸಮಿತಿಯಲ್ಲಿ ಈ ಸಾಲುಗಳನ್ನು ಬರೆದವರಲ್ಲಿ ನಾನೂ ಒಬ್ಬ. ಒಂದು ವರ್ಷ ತಂಡವೊಂದು ಘಟ್ಟದ ಮೇಲಿನಿಂದ ಆರಕ್ಕೆ ಆರೂ ಜನ ಪಳಗಿದ ಆಟಗಾರರನ್ನು ಕರೆತಂದು, ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಬಹುಮಾನ ಎತ್ತಿಕೊಂಡು ಹೋಯಿತು. ಮರುವರ್ಷ ಸುತ್ತಲಿನ ಊರುಗಳ ತಂಡಗಳು ಹೆಸರು ನೋಂದಾಯಿಸಲೇ ಇಲ್ಲ. ಆ ಅನುಭವದಿಂದ ಹುಟ್ಟಿದ ನಿಯಮವಿದು.

ಈ ಹಳೆಯ ಸಂಗತಿ ನೆನಪಾಗಲು ಕಾರಣ ಶಿರಸಿಯ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಂಗಿಯ ಮಗ. ಅವನು ಗೆಳೆಯರೊಡನೆ ಐದು ಜನರ ತಂಡ ಕಟ್ಟಿಕೊಂಡು ವ್ಯಾಲರಂಟ್ ಎಂಬ ಗುಂಡಿನ ಕಾಳಗದ ಗಣಕ ಆಟ ಆಡುತ್ತಾನೆ. ಕಳೆದ ಬಾರಿ ನಾನು ದೇವಿಮನೆ ಘಟ್ಟ ಹತ್ತಿ ಅವರ ಮನೆಗೆ ಹೋದಾಗ, ಜಗುಲಿಯಲ್ಲಿ ಕುಳಿತು ಅಂತರರಾಷ್ಟ್ರೀಯ ಇ-ಸ್ಪೋರ್ಟ್ಸ್, ಅಂದರೆ ಗಣಕ ಆಟಗಳ ಸ್ಪರ್ಧೆಗಳಲ್ಲಿ, ಒಂದು ಪ್ರದೇಶದವರು ಇನ್ನೊಂದರಲ್ಲಿ ಆಡದಂತೆ ಪ್ರತಿ ಪ್ರದೇಶಕ್ಕೂ ಬೇಲಿ ಹಾಕಿರುವುದರ ಬಗ್ಗೆ ಸಿಟ್ಟಿನಿಂದ ಮಾತನಾಡಿದ. 'ಒಳ್ಳೆಯವರ ಜೊತೆ ಆಡದೇ ನಾವು ಒಳ್ಳೆಯವರಾಗೋದು ಹೇಗೆ ಮಾವ?' ಎಂದು ಕೇಳಿದ. ಪ್ರಶ್ನೆ ಸರಿಯಾದದ್ದೇ. ಆದರೆ ಒಳ್ಳೆಯವರು ನಿಮ್ಮ ಅಂಕಣಕ್ಕೇ ಬಂದು ನಿಮ್ಮ ಬಹುಮಾನವನ್ನೇ ಒಯ್ದರೆ ಏನು ಮಾಡುತ್ತೀ ಎಂದು ನಾನು ತಿರುಗಿ ಕೇಳಿದಾಗ ಅವನು ಸುಮ್ಮನಾದ.

ಇದು ಕಲ್ಪನೆಯ ಮಾತಲ್ಲ. ಸ್ಟಾರ್‌ಕ್ರಾಫ್ಟ್ 2 ಎಂಬ ಗಣಕ ಆಟದಲ್ಲಿ ನಿಜವಾಗಿಯೇ ನಡೆದದ್ದು. 2013ರಲ್ಲಿ ಆ ಆಟವನ್ನು ತಯಾರಿಸಿದ ಬ್ಲಿಝಾರ್ಡ್ ಸಂಸ್ಥೆ ತನ್ನ ವಿಶ್ವ ಸ್ಪರ್ಧಾಸರಣಿಯನ್ನು ಕೊರಿಯಾ, ಅಮೆರಿಕ, ಯುರೋಪ್ ಎಂದು ಮೂರು ವಿಭಾಗ ಮಾಡಿತಾದರೂ, ಯಾವ ದೇಶದವರು ಯಾವ ವಿಭಾಗದಲ್ಲಿ ಆಡಬೇಕೆಂಬ ಕಟ್ಟುಪಾಡು ಇಡಲಿಲ್ಲ. ವೃತ್ತಿಪರ ತಂಡಗಳು, ಆಟಗಾರರು ಒಟ್ಟಿಗೆ ವಾಸಿಸುವ ತರಬೇತಿ ಮನೆಗಳು, ಬೀದಿಗೊಂದರಂತೆ ಇದ್ದ ಪಿಸಿ ಬಾಂಗ್ ಎಂಬ, ಬಾಡಿಗೆ ಕೊಟ್ಟು ಗಣಕಯಂತ್ರದಲ್ಲಿ ಆಡುವ ಅಂಗಡಿಗಳು — ಇವೆಲ್ಲದರ ಬಲದಿಂದ ಕೊರಿಯಾದವರು ಉಳಿದವರಿಗಿಂತ ಬಹಳ ಮುಂದಿದ್ದರು. ಆದ್ದರಿಂದ ಆ ವರ್ಷ ಅಮೆರಿಕ ಮತ್ತು ಯುರೋಪ್ ವಿಭಾಗಗಳ ಪ್ರತಿಯೊಂದು ಸುತ್ತಿನ ಪಟ್ಟವೂ ಕೊರಿಯನ್ನರಿಗೇ ಸಂದಿತು. 2015ರಲ್ಲಿ ಆಯಾ ಪ್ರದೇಶದಲ್ಲಿ ಕಾನೂನುಬದ್ಧವಾಗಿ ವಾಸಿಸುವವರು ಮಾತ್ರ ಅಲ್ಲಿ ಆಡಬಹುದೆಂಬ ನಿಯಮ ಬಂದಿತು. 2016ರಿಂದ ಕೊರಿಯಾದ ಸ್ಪರ್ಧೆಯನ್ನೇ ಪೂರ್ತಿಯಾಗಿ ಬೇರೆ ಮಾಡಲಾಯಿತು. ದುರ್ಬಲರನ್ನು ಹತ್ತಿಯಲ್ಲಿಟ್ಟು ಸಾಕುವ ಉಪಾಯವಿದು ಎಂದು ಆಗ ಮೂದಲಿಸಿದವರು ಕಡಿಮೆಯಿರಲಿಲ್ಲ. ಆದರೆ 2018ರಲ್ಲಿ, ಆ ಬೇಲಿಯೊಳಗಿನ ನಾಲ್ಕೂ ಸ್ಪರ್ಧೆಗಳನ್ನು ಗೆದ್ದಿದ್ದ ಫಿನ್ಲೆಂಡಿನ ಸೆರಲ್ ಎಂಬ ಯುವಕ ಜಾಗತಿಕ ಅಂತಿಮ ಪಂದ್ಯದಲ್ಲಿ ಕೊರಿಯಾದ ಸ್ಟ್ಯಾಟ್ಸ್‌ನನ್ನು 4–2ರಿಂದ ಸೋಲಿಸಿ, ಆ ಪಟ್ಟ ಗೆದ್ದ ಮೊದಲ ಕೊರಿಯೇತರ ಆಟಗಾರನಾದ. ಬೇಲಿ ಇಲ್ಲದಿದ್ದರೂ ಅವನು ಗೆಲ್ಲುತ್ತಿದ್ದನೋ ಏನೋ, ಪ್ರತಿಭೆ ಅಷ್ಟಿತ್ತು. ಆದರೂ ಆಟವನ್ನೇ ವೃತ್ತಿಯಾಗಿ ಹಿಡಿದು ಬದುಕಲು ಬೇಕಾದ ಬಹುಮಾನದ ಹಣ ಅವನ ಕಡೆಯವರ ಕೈಗೆ ಬಂದದ್ದು ಬೇಲಿಯಿಂದಲೇ.

ಲೀಗ್ ಆಫ್ ಲೆಜೆಂಡ್ಸ್ ಎಂಬ ಇನ್ನೊಂದು ಗಣಕ ಆಟದಲ್ಲಿ ನಮ್ಮ ಕರಪತ್ರದ ನಿಯಮ ಹೆಚ್ಚುಕಡಿಮೆ ಹಾಗೆಯೇ ಇದೆ. 2014ರ ವಿಶ್ವ ಸ್ಪರ್ಧೆಯ ನಂತರ, ಗೆದ್ದ ಕೊರಿಯಾದ ತಂಡದವರೂ ಅದರ ಸೋದರ ತಂಡದವರೂ ಒಬ್ಬರನ್ನೂ ಉಳಿಸದಂತೆ ಚೀನಾದ ತಂಡಗಳಿಗೆ ಹೋಗಿ ಸೇರಿದರು. ಆ ಆಟವನ್ನು ತಯಾರಿಸಿದ ರಾಯಟ್ ಗೇಮ್ಸ್ ಸಂಸ್ಥೆ ಅದೇ ಹೊತ್ತಿಗೆ, ಅಂಕಣಕ್ಕಿಳಿಯುವ ಐವರಲ್ಲಿ ಹೊರಗಿನವರು ಇಬ್ಬರನ್ನು ಮೀರಬಾರದೆಂದು ವಿಧಿಸಿತು. ಅಲ್ಲಿ ಐವರಲ್ಲಿ ಇಬ್ಬರು, ನಮ್ಮಲ್ಲಿ ಆರು ಜನರಲ್ಲಿ ಇಬ್ಬರು, ಐಪಿಎಲ್‌ನಲ್ಲಿ ಹನ್ನೊಂದರಲ್ಲಿ ನಾಲ್ವರು. ಲೆಕ್ಕ ಬೇರೆಯಾದರೂ ಆಲೋಚನೆ ಒಂದೇ. (ಯಕ್ಷಗಾನ ಮೇಳಕ್ಕೆ ಅತಿಥಿ ಕಲಾವಿದರು ಬಂದರೆ ಯಾರೂ ಆಧಾರ್ ಕೇಳುವುದಿಲ್ಲ, ಜನ ಇನ್ನೂ ಹೆಚ್ಚು ಸೇರುತ್ತಾರೆ. ಏಕೆಂದರೆ ಅಲ್ಲಿ ಸೋಲುವವರು ರಾಕ್ಷಸರು ಮಾತ್ರ, ಅದೂ ಮೊದಲೇ ಗೊತ್ತಿರುವ ಸೋಲು.)

ಇ-ಸ್ಪೋರ್ಟ್ಸಿನಲ್ಲಿ ಬೇಲಿಗೆ ವಾಲಿಬಾಲಿನಲ್ಲಿಲ್ಲದ ಇನ್ನೊಂದು ಕಾರಣವಿದೆ. ಅದು ದೂರ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಮುಂಬೈಯಿಂದ ಸಿಂಗಪುರಕ್ಕೆ ನೇರ ಅಂತರ ಸುಮಾರು 3900 ಕಿ.ಮೀ.; ಆಟಗಾರ ಗುಂಡಿ ಒತ್ತಿದ ಸುದ್ದಿ ಅಲ್ಲಿ ಆಟ ನಡೆಸುವ ಸರ್ವರ್ ಎಂಬ ಗಣಕಯಂತ್ರಕ್ಕೆ ಹೋಗಿ ಉತ್ತರ ಮರಳಿ ಬರಲು, ತಂತಿ ಗೆರೆ ಎಳೆದಂತೆ ನೇರವಾಗಿದ್ದರೂ, ಕನಿಷ್ಠ 39 ಮಿಲಿಸೆಕೆಂಡು ಬೇಕು. ತಂತಿ ಸಮುದ್ರದಡಿ ಸುತ್ತಿ ಬಳಸಿ ಹೋಗುವುದರಿಂದ ನಿಜವಾಗಿ ಆಟಗಾರರು ಕಾಣುವ ಪಿಂಗ್, ಅಂದರೆ ಹೋಗಿಬರುವ ಹೊತ್ತು, ಇದಕ್ಕಿಂತ ಹೆಚ್ಚೇ. ವ್ಯಾಲರಂಟ್ ಸರ್ವರ್ ಸೆಕೆಂಡಿಗೆ 128 ಬಾರಿ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ, ಎಂದರೆ ಒಂದೊಂದು ಲೆಕ್ಕಕ್ಕೆ 8 ಮಿಲಿಸೆಕೆಂಡಿಗೂ ಕಡಿಮೆ. ಮುಂಬೈಯ ಆಟಗಾರನ ಕೈಚಳಕ ಸಿಂಗಪುರ ಮುಟ್ಟಿ ಬರುವಷ್ಟರಲ್ಲಿ ಸರ್ವರ್ ಐದು ಬಾರಿ ಲೆಕ್ಕ ಮುಗಿಸಿರುತ್ತದೆ. ನನ್ನ ಅಳಿಯನ ಮಾತಿನಲ್ಲಿ ಹೇಳುವುದಾದರೆ, ಎದುರಾಳಿ ಗೋಡೆಯ ಮರೆಯಿಂದ ಹೊರಬಂದದ್ದು ಕಣ್ಣಿಗೆ ಬೀಳುವ ಮೊದಲೇ ಇವನು ಸತ್ತು ಬಿದ್ದಿರುತ್ತಾನೆ. ಆದ್ದರಿಂದ ಆನ್‌ಲೈನ್‌ನಲ್ಲಿ ನಡೆಯುವ ಅರ್ಹತಾ ಸುತ್ತುಗಳಿಗೆ ಪ್ರದೇಶದ ಮಿತಿ ಇಡುವುದು ಅನ್ಯಾಯವಲ್ಲ, ನ್ಯಾಯವನ್ನು ಕಾಯುವ ಮೊದಲ ಹೆಜ್ಜೆ ಎಂದೇ ನಾನು ತಿಳಿಯುತ್ತೇನೆ.

ಆದರೆ ಈ ತರ್ಕವನ್ನು ಕೊನೆಯವರೆಗೂ ಹಿಡಿದು ಹೋದರೆ ನಕ್ಷೆಯ ಮೇಲಿನ ಗೆರೆಗಳೇ ಅಲುಗಾಡತೊಡಗುತ್ತವೆ. ಶಿರಸಿಯಿಂದ, ಸರ್ವರ್ ಇರುವ ಮುಂಬೈಗೆ ಹಕ್ಕಿ ಹಾರುವ ದಾರಿಯಲ್ಲಿ 500 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಲೆಕ್ಕದ ಪ್ರಕಾರ ಹೋಗಿಬರಲು ಐದಾರು ಮಿಲಿಸೆಕೆಂಡು ಸಾಕು. ಅಳಿಯನ ಪರದೆಯ ಮೂಲೆಯಲ್ಲಿ ನಾನು ಕಂಡ ಪಿಂಗ್‌ನ ಅಂಕಿ, ಒಳ್ಳೆಯ ದಿನಗಳಲ್ಲಿ, 40ರ ಆಸುಪಾಸು. ಸಂದೇಶ ಕಂಬದಿಂದ ಕಂಬಕ್ಕೆ ತೂಗಿದ ತಂತಿಯಲ್ಲಿ ಊರಿನಿಂದ ಊರಿಗೆ ಸುತ್ತಾಡಿ ಮುಂಬೈ ಸೇರುತ್ತದೆ. ಮುಂಬೈಯಿಂದ ಸಿಂಗಪುರಕ್ಕೆ ಬೆಳಕಿಗೆ ಬೇಕಾದಷ್ಟೇ ಹೊತ್ತು ಅಡಿಕೆ ತೋಟದ ಮನೆಯಿಂದ ಮುಂಬೈಗೂ ಬೇಕಾಗುತ್ತದೆ ಎಂದಾಯಿತು. ಆಷಾಢದಲ್ಲಿ ಮರ ಬಿದ್ದು ತಂತಿ ಹರಿದರೆ ನಾಲ್ಕು ದಿನ ಆ ಅಂಕಿಯೂ ಇಲ್ಲ, ಕರೆಂಟೂ ಇಲ್ಲ. ನಿಯಮಪುಸ್ತಕದಲ್ಲಿ ಮಾತ್ರ ಇವನೂ ಮುಂಬೈಯ ಹುಡುಗನೂ ಒಂದೇ ಪ್ರದೇಶದ, ಸಮಾನ ಅವಕಾಶದ ಆಟಗಾರರು. ಪ್ರದೇಶ ಎಂಬುದನ್ನು ನಿರ್ಧರಿಸುವವರು ತಂತಿಯನ್ನು ನೋಡದೆ ನಕ್ಷೆಯನ್ನು ನೋಡುತ್ತಾರೆ ಎಂಬುದು ನನ್ನ ಮೊದಲ ಆಕ್ಷೇಪ.

ಎರಡನೆಯದು ಬಾಗಿಲಿನ ವಿಷಯ. ಬೇಲಿ ಹಾಕಿದ ಮೇಲೆ ಅದಕ್ಕೊಂದು ಉಣುಗೋಲು ಇರಲೇಬೇಕು, ಮತ್ತು ಅದು ಮೇಲಿನವರ ದಯೆಯಿಂದಲ್ಲದೆ ಆಟದ ಬಲದಿಂದ ತೆರೆಯುವಂತಿರಬೇಕು. ಡೋಟಾ 2 ಎಂಬ ಗಣಕ ಆಟದ 2021ರ 'ದಿ ಇಂಟರ್‌ನ್ಯಾಷನಲ್' ಸ್ಪರ್ಧೆಗೆ ಹನ್ನೆರಡು ತಂಡಗಳು ವರ್ಷವಿಡೀ ಗಳಿಸಿದ ಅಂಕಗಳಿಂದ ಬಂದವು, ಆರು ತಂಡಗಳು ಪ್ರದೇಶಕ್ಕೊಂದರಂತೆ ಅರ್ಹತಾ ಸುತ್ತು ಗೆದ್ದು ಬಂದವು. ಪೂರ್ವ ಯುರೋಪಿನ ಸುತ್ತು ಗೆದ್ದು ಬಂದ ಟೀಮ್ ಸ್ಪಿರಿಟ್ ಎಂಬ, ಅಷ್ಟೇನೂ ಹೆಸರಿಲ್ಲದ ತಂಡ, 4 ಕೋಟಿ ಡಾಲರ್ ಬಹುಮಾನದ ಆ ಸ್ಪರ್ಧೆಯನ್ನೇ ಗೆದ್ದುಕೊಂಡಿತು. ಪ್ರದೇಶಕ್ಕೊಂದು ಸ್ಥಾನ ಕೊಡುವುದೆಂದರೆ ಅರ್ಹತೆಯಿಲ್ಲದವರಿಗೆ ಭಿಕ್ಷೆ ಹಾಕಿದಂತೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ವ್ಯಾಲರಂಟ್‌ನಲ್ಲಿ 2023ರಿಂದ ಭಾರತವೂ ಸೇರಿರುವ ಪೆಸಿಫಿಕ್ ಲೀಗಿನ ತಂಡಗಳು ಹೆಚ್ಚಾಗಿ ಕೊರಿಯಾದ ಸೋಲ್ ನಗರದಲ್ಲಿ ಎದುರುಬದುರು ಕುಳಿತು ಆಡುತ್ತವೆ, ಪಿಂಗ್‌ನ ಪ್ರಶ್ನೆಯೇ ಇಲ್ಲ. ಆದರೆ ಅಲ್ಲಿಗೆ ತಂಡಗಳನ್ನು ಆಟದ ಒಡೆತನದ ರಾಯಟ್ ಸಂಸ್ಥೆಯೇ ಆರಿಸಿ ಪಾಲುದಾರರನ್ನಾಗಿ ಮಾಡಿಕೊಂಡಿತು. ಭಾರತದಿಂದ ಆಯ್ಕೆಯಾದ ಗ್ಲೋಬಲ್ ಇ-ಸ್ಪೋರ್ಟ್ಸ್ ತಂಡದಲ್ಲಿ ಕೊರಿಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ದೇಶಗಳ ಆಟಗಾರರೂ ಇದ್ದರು. ಹೆಸರಿಗೆ ಭಾರತದ ತಂಡ, ಆಡಲು ಅತಿಥಿಗಳು. ಕೆಳಗಿನವರಿಗೆ ಅಸೆನ್ಶನ್ ಎಂಬ ಬಡ್ತಿ ಸ್ಪರ್ಧೆ ಆಗ ಬಂದಿತಾದರೂ ಆ ಉಣುಗೋಲು ಬಹಳ ಕಿರಿದಾಗಿತ್ತು.

ಇವೆಲ್ಲ ಆಟದೊಳಗಿನ ಬೇಲಿಗಳು. ನಿಜವಾಗಿ ನೋವು ಕೊಡುವುದು ಆಟದ ಹೊರಗಿನ ಬೇಲಿ. 2020ರ ಆಗಸ್ಟ್‌ನಲ್ಲಿ ಆರೆಂಜ್ ರಾಕ್ ಎಂಬ ಭಾರತೀಯ ತಂಡ ಪಬ್‌ಜಿ ಮೊಬೈಲ್ ವಿಶ್ವ ಲೀಗಿನ ಪೂರ್ವ ವಿಭಾಗದಲ್ಲಿ ಎರಡನೆಯ ಸ್ಥಾನ ಪಡೆಯಿತು. ತಿಂಗಳು ಕಳೆಯುವುದರೊಳಗೆ, ಸೆಪ್ಟೆಂಬರ್ 2ರಂದು, ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಆ ಆಟವೂ ಸೇರಿತು. ಗಡಿಯ ಭದ್ರತೆಯ ವಿಚಾರದಲ್ಲಿ ಸರ್ಕಾರದ ನಿರ್ಧಾರವನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಆದರೆ ಆ ಆಟಗಾರರು ಮಾಡಿದ ತಪ್ಪೇನು ಎಂಬ ಪ್ರಶ್ನೆ ಉಳಿಯುತ್ತದೆ. ಅದೇ ಆಟವನ್ನು ಭಾರತಕ್ಕೆಂದೇ ಮಾಡಿದ ಬಿಜಿಎಂಐ 2021ರ ಜುಲೈಯಲ್ಲಿ ಬಂತು, 2022ರ ಜುಲೈಯಲ್ಲಿ ಆ್ಯಪ್ ಅಂಗಡಿಗಳಿಂದ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಇ-ಸ್ಪೋರ್ಟ್ಸ್ ಆಟಗಾರನ ಬೆರಳು ಚುರುಕಾಗಿರುವ ವಯಸ್ಸು ಬಹಳ ವರ್ಷಗಳದ್ದಲ್ಲ. ಅದರಲ್ಲಿ ಒಂದೆರಡು ವರ್ಷ ಹೀಗೆ ಸೋರಿಹೋದರೆ ಯಾವ ಲೀಗೂ ತುಂಬಿಕೊಡಲಾರದು.

ರಷ್ಯಾದ ಆಟಗಾರರ ವಿಷಯದಲ್ಲಿ, ಇ-ಸ್ಪೋರ್ಟ್ಸ್ ಸ್ಪರ್ಧೆಗಳನ್ನು ನಡೆಸುವ ಇಎಸ್ಎಲ್ ಸಂಸ್ಥೆ ಹಿಡಿದ ದಾರಿ ಇದಕ್ಕೆ ಹೋಲಿಸಿದರೆ ಹೆಚ್ಚು ವಿವೇಕದ್ದೆಂದು ನನಗೆ ಅನಿಸುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ, ರಷ್ಯಾ ಸರ್ಕಾರದೊಡನೆ ನಂಟಿರುವ ಸಂಸ್ಥೆಗಳನ್ನು ಅದು ಹೊರಗಿಟ್ಟಿತು, ಆದರೆ ಆಟಗಾರರು ದೇಶದ ಮತ್ತು ಸಂಸ್ಥೆಯ ಹೆಸರಿಲ್ಲದೆ ಆಡಬಹುದೆಂದಿತು. ರಷ್ಯಾದ ವರ್ಟಸ್ ಪ್ರೋ ತಂಡದವರು 'ಔಟ್‌ಸೈಡರ್ಸ್' ಎಂದು ಹೆಸರಿಟ್ಟುಕೊಂಡು ಬಂದು, ಆ ವರ್ಷದ ನವೆಂಬರ್‌ನಲ್ಲಿ ರಿಯೊದಲ್ಲಿ ನಡೆದ ಕೌಂಟರ್-ಸ್ಟ್ರೈಕ್ ಆಟದ ಮೇಜರ್ ಎಂಬ ದೊಡ್ಡ ಪಂದ್ಯಾವಳಿಯನ್ನು ಗೆದ್ದರು. ಹೊರಗಿನವರು ಎಂಬ ಹೆಸರಿನಲ್ಲೇ ಗೆದ್ದದ್ದು ನನಗೆ ಈಗಲೂ ಸೋಜಿಗ. ವೀಸಾ ಎಂಬುದು ಇನ್ನೊಂದು ಗೋಡೆ: ನಾನು ಮೇಲೆ ಹೇಳಿದ 2021ರ ಡೋಟಾ ಸ್ಪರ್ಧೆ ಸ್ಟಾಕ್‌ಹೋಮ್‌ನಲ್ಲಿ ನಡೆಯಬೇಕಿತ್ತು, ಸ್ವೀಡನ್ನಿನ ಕ್ರೀಡಾ ಒಕ್ಕೂಟ ಇ-ಸ್ಪೋರ್ಟ್ಸನ್ನು ಕ್ರೀಡೆಯೆಂದು ಒಪ್ಪದ್ದರಿಂದ ಆಟಗಾರರಿಗೆ ವೀಸಾ ಸಿಗುವುದು ಕಷ್ಟವಾಗಿ, ಅಷ್ಟು ದೊಡ್ಡ ಸ್ಪರ್ಧೆಯೇ ಬುಕಾರೆಸ್ಟ್‌ಗೆ ಎದ್ದು ಹೋಯಿತು. ನಮ್ಮ ದೇಶ 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಾಗ ಇದು ಬರಿಯ ಗೌರವದ ಮಾತಲ್ಲ ಎಂದು ನನಗೆ ಅನಿಸಿದ್ದು ಇದೇ ಕಾರಣಕ್ಕೆ.

ಇಷ್ಟೆಲ್ಲ ಬರೆದವನು ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. ಎರಡು ವರ್ಷದ ಹಿಂದೆ ನಮ್ಮ ಪಂದ್ಯಾವಳಿಯಲ್ಲಿ ಮಾಜಾಳಿ ಕಡೆಯ ಹುಡುಗನೊಬ್ಬನನ್ನು ಅಂಕಣದ ಬದಿಯಲ್ಲೇ ತಡೆದೆವು. ಹುಟ್ಟಿ ಬೆಳೆದು ಆಟ ಕಲಿತದ್ದೆಲ್ಲ ಕಾಳಿ ನದಿಯ ಈಚೆ ಆಚೆ. ಕೆಲಸ ಗೋವಾದಲ್ಲಿ, ಆದ್ದರಿಂದ ಆಧಾರ್‌ನ ವಿಳಾಸವೂ ಗೋವಾದ್ದು. ಅವನ ತಂಡದಲ್ಲಿ ಇಬ್ಬರು ಅತಿಥಿಗಳು ಆಗಲೇ ಇದ್ದರು. ಅವನು ಜಗಳವಾಡಲಿಲ್ಲ, ಬೂಟು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಕೊನೆಯವರೆಗೂ ಪಂದ್ಯ ನೋಡಿದ. ಕಾರ್ಡು ನೋಡಿ ಇಲ್ಲ ಎಂದವನು ನಾನೇ.

ಈ ಸಲದ ಕರಪತ್ರದ ಕರಡು ನನ್ನ ಮೇಜಿನ ಮೇಲಿದೆ. ಆಧಾರ್‌ನ ಸಾಲಿನ ಕೆಳಗೆ ಪೆನ್ನಿನಿಂದ 'ಅಥವಾ ಈ ತಾಲ್ಲೂಕಿನ ತಂಡಗಳಲ್ಲಿ ಮೂರು ವರ್ಷ ಆಡಿದವರು' ಎಂದು ಸೇರಿಸಿದ್ದೇನೆ. ಮೂರು ವರ್ಷ ಆಡಿದ್ದಕ್ಕೆ ಸಾಕ್ಷಿ ಯಾರು ಕೊಡುವುದು ಎಂದು ಸಮಿತಿಯವರು ಕೇಳುತ್ತಿದ್ದಾರೆ. ಪ್ರೆಸ್ಸಿನವರಿಗೆ ಸೋಮವಾರದೊಳಗೆ ಕೊಡಬೇಕಂತೆ.