“ಏನ್ ಕೊಟ್ರೆ ತಿಂತಾನೆ ಮಿಸ್?”

ಹಾಸನದಲ್ಲಿ 19 ವರ್ಷದಿಂದ ಪಿ.ಟಿ. ಟೀಚರ್ ಆಗಿದ್ದೇನೆ. ಮದುವೆ ಮನೆಯಲ್ಲಿ ಕೈ ತೊಳೆಯುವಾಗ, ಬಿ.ಎಂ. ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ, ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡು ಕೂತಿದ್ದಾಗಲೂ ಇದೇ ಪ್ರಶ್ನೆ. “ನಮ್ಮ ಹುಡುಗ ಏನೂ ತಿನ್ನಲ್ಲ ಮಿಸ್. ಮೈಯಲ್ಲಿ ಶಕ್ತಿನೇ ಇಲ್ಲ. ಏನ್ ಕೊಟ್ರೆ ತಿಂತಾನೆ?” ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮನೆಯಲ್ಲಿ ಮಾಡಿದ್ದನ್ನೇ ಕೊಡಿ. ಮುದ್ದೆ, ಬಸ್ಸಾರು, ಅನ್ನ, ಮೊಸರು, ಪಲ್ಯ, ಮೊಟ್ಟೆ, ಒಂದು ಬಾಳೆಹಣ್ಣು. ತಿಂದರೆ ತಿನ್ನಲಿ, ಬಿಟ್ಟರೆ ಬಿಡಲಿ. ತಟ್ಟೆಗೆ ಏನು ಹಾಕಬೇಕು, ಎಷ್ಟು ಹೊತ್ತಿಗೆ ಹಾಕಬೇಕು ಅನ್ನೋದು ನಿಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನೋದನ್ನು ಮಗುವಿನ ಹೊಟ್ಟೆ ಹೇಳುತ್ತದೆ. ತುತ್ತು ಹಿಡಿದುಕೊಂಡು ಅದರ ಹಿಂದೆ ಓಡಬೇಡಿ. ಬಾಯಿ ತೆರೆಸೋಕೆ ಮೊಬೈಲ್ ತೋರಿಸಬೇಡಿ. ಮಗು ತೂಕ ಕಳೆದುಕೊಳ್ಳುತ್ತಿದ್ದರೆ, ಪದೇ ಪದೇ ಹುಷಾರು ತಪ್ಪುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅದನ್ನು ಮದುವೆ ಮನೆಯಲ್ಲಿ ನನ್ನನ್ನು ಕೇಳಬೇಡಿ.

ಆದರೆ ಕೇಳುವವರಿಗೆ ಈ ಉತ್ತರ ಬೇಕಿರುವುದಿಲ್ಲ. ‘ಏನ್ ಕೊಟ್ರೆ’ ಅಂದರೆ ‘ಯಾವ ಡಬ್ಬ ತರಲಿ’ ಅಂತ ಅರ್ಥ. ಹಾಲಿಗೆ ಕಲಸುವ ಪುಡಿಯ ಹೆಸರೊಂದು ನನ್ನ ಬಾಯಿಂದ ಬರಬೇಕು, ಅಷ್ಟೇ. ಆ ಡಬ್ಬವನ್ನು ತಿರುಗಿಸಿ ಹಿಂದೆ ಓದಿ. ಸಕ್ಕರೆ ಎಷ್ಟಿದೆ ಅಂತ ಅಲ್ಲೇ ಬರೆದಿರುತ್ತದೆ. ನಮ್ಮ ದೇಶದ ಆಹಾರ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಅನ್ನುವುದಕ್ಕೆ ಅರ್ಥವನ್ನೇ ಕೊಟ್ಟಿಲ್ಲ. ಅದಕ್ಕೇ 2024ರಲ್ಲಿ ಕೇಂದ್ರ ಸರ್ಕಾರ, ಇಂಥ ಪುಡಿಗಳನ್ನು ಆ ಹೆಸರಿನಡಿ ಮಾರಬೇಡಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಇತ್ತ ನಮ್ಮದೇ ಜಿಲ್ಲೆಯ ಹೊಲದಲ್ಲಿ ಬೆಳೆಯುವ ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಅಜ್ಜಿ ರಾಗಿ ಹುರಿಟ್ಟು ಮಾಡಿಟ್ಟರೆ “ಅದೆಲ್ಲ ಹಳ್ಳಿ ತಿಂಡಿ” ಅಂತ ಮೂಲೆಗೆ ಸರಿಸಿ, ಡಬ್ಬಕ್ಕೆ ದುಡ್ಡು ಕೊಡುತ್ತಾರೆ. ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಇನ್ನೂ ಸಿಟ್ಟು ಬರುವುದು ಮಗುವಿನ ಎದುರೇ ಕೇಳಿದಾಗ. ಎರಡು ವರ್ಷದ ಹಿಂದೆ, ಡಿಸೆಂಬರ್ ತಿಂಗಳು, ಕಟ್ಟಿನಕೆರೆ ಮಾರುಕಟ್ಟೆ. ಅವರೆಕಾಯಿ ರಾಶಿ ರಾಶಿ ಬಿದ್ದಿತ್ತು. ಒಬ್ಬರು ತಾಯಿ ನನ್ನನ್ನು ನಿಲ್ಲಿಸಿದರು. “ಇವನು ತರಕಾರಿ ಮುಟ್ಟಲ್ಲ ಮಿಸ್. ಥೇಟ್ ಅವರಪ್ಪನೇ.” ಹುಡುಗನಿಗೆ ಎಂಟು ವರ್ಷ ಇರಬಹುದು. ಅವನು ನಮ್ಮ ಮಾತು ಕೇಳುತ್ತಿರಲಿಲ್ಲ. ರಾಶಿ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಕಾಯಿ ಉಜ್ಜಿ, ಬೆರಳು ಮೂಸುತ್ತಿದ್ದ. ಮತ್ತೆ ಉಜ್ಜಿದ, ಮತ್ತೆ ಮೂಸಿದ. ಸೊಗಡು ಚೆನ್ನಾಗಿ ಹತ್ತಿತ್ತು. ಮಾರುವ ಅಜ್ಜಿ “ಸುಲಿ ಮಗಾ, ನೋಡಾಣ” ಅಂತ ಎರಡು ಕಾಯಿ ಅವನ ಕೈಗೆ ಹಾಕಿದರು. ಅಷ್ಟರಲ್ಲಿ ಅಮ್ಮ, “ಏಯ್, ಕೈ ಕೊಳೆ ಆಗುತ್ತೆ, ಏಳು ಮೇಲೆ!”

“ಏಳಿಸಬೇಡಿ” ಅಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. “ಒಂದು ಕೆ.ಜಿ. ತಗೊಳ್ಳಿ. ಅಷ್ಟನ್ನೂ ಅವನ ಕೈಲೇ ಸುಲಿಸಿ.” ಅವರಿಗೆ ಬೇಜಾರಾಯಿತು ಅನ್ನಿಸುತ್ತದೆ. ಆದರೂ ತಗೊಂಡರು. ಸಂಕ್ರಾಂತಿ ಹೊತ್ತಿಗೆ ಮತ್ತೆ ಸಿಕ್ಕಿದಾಗ ಅವರೇ ಹೇಳಿದರು, ಸಾರಿನಲ್ಲಿ ತಾನು ಸುಲಿದ ಕಾಳು ಯಾವುದು ಅಂತ ಒಂದೊಂದೇ ಹುಡುಕಿದನಂತೆ. “ತಿಂದನಾ?” ಅಂದೆ. “ಮೊದಲ ದಿನ ನಾಲ್ಕು ಕಾಳು. ಈಗ ಅರ್ಧ ಬಟ್ಟಲು.” ಅರ್ಧ ಬಟ್ಟಲು ಕಮ್ಮಿ ಅಲ್ಲ ರೀ. ಹೊಸ ರುಚಿಯೊಂದನ್ನು ಮಕ್ಕಳು ಒಪ್ಪೋಕೆ ಹತ್ತು ಹದಿನೈದು ಸಲ ತಟ್ಟೆಯಲ್ಲಿ ನೋಡಬೇಕಾಗಬಹುದು. ನಾವು ಎರಡನೇ ಸಲಕ್ಕೇ ‘ನಮ್ಮ ಮಗುಗೆ ಇದು ಸೇರಲ್ಲ’ ಅಂತ ಊರಿಗೆಲ್ಲ ಹೇಳಿಬಿಡುತ್ತೇವೆ. ಮಗುವೂ ಅದನ್ನೇ ನಂಬುತ್ತದೆ.

ಈಗ ನನ್ನ ಮಾತು ಕೇಳಿ. ನಾನು ಪಿ.ಟಿ. ಟೀಚರ್. ಅಡುಗೆ ವಿಷಯ ಕೇಳುವವರು, ಆಟದ ವಿಷಯ ಯಾಕೆ ಕೇಳಲ್ಲ? “ಇವನು ಎಲ್ಲಿ ಆಡಬೇಕು ಮಿಸ್?” ಅಂತ ಒಬ್ಬರಾದರೂ ಕೇಳಬಾರದಾ? 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ 420 ನಿಮಿಷ ಆಯಿತು. ನನ್ನ ಕೈಗೆ ಒಂದು ತರಗತಿ ಸಿಗುವುದು ವಾರಕ್ಕೆ ಎರಡು ಪೀರಿಯಡ್, 80 ನಿಮಿಷ. ಪರೀಕ್ಷೆ ಹತ್ತಿರ ಬಂದರೆ ಅದೂ ಗಣಿತಕ್ಕೆ ಹೋಗುತ್ತದೆ. ಉಳಿದದ್ದು ಮನೆ ಹತ್ತಿರ ಆಗಬೇಕು. ಮನೆ ಹತ್ತಿರದ ಖಾಲಿ ಸೈಟಿನಲ್ಲೆಲ್ಲ ಮನೆ ಎದ್ದಿದೆ. ಲಗೋರಿ ಆಡೋಕೆ, ಕುಂಟೆಬಿಲ್ಲೆ ಗೀಟು ಹಾಕೋಕೆ ರಸ್ತೆಯೂ ಇಲ್ಲ, ಬರೀ ಕಾರು. ಪಾರ್ಕಿಗೆ ಹೋದರೆ ಚೆಂಡು ತರಬೇಡಿ ಅಂತ ಬೋರ್ಡು. ಓಡದ ಮಗುವಿಗೆ ಹಸಿವು ಎಲ್ಲಿಂದ ಬರಬೇಕು?

ಹೆಣ್ಣುಮಕ್ಕಳ ಕಥೆ ಇನ್ನೂ ಬೇರೆ. ನನ್ನ ಖೋಖೋ ತಂಡದಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ಕಂಬ ಮುಟ್ಟಿ ತಿರುಗಿದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಒಂದು ದಿನ ಬರಲಿಲ್ಲ. ಅಮ್ಮ ಬಂದು “ದೊಡ್ಡವಳಾದಳು ಮಿಸ್, ಇನ್ನು ಆಟ ಸಾಕು” ಅಂದರು. ಆರು ತಿಂಗಳು ಕಳೆಯಿತು. ಅದೇ ಅಮ್ಮ, ಅದೇ ಗೇಟಿನ ಹತ್ತಿರ: “ಯಾವಾಗ್ಲೂ ಸುಸ್ತು ಅಂತಾಳೆ. ಊಟನೇ ಸೇರಲ್ಲ. ಏನ್ ಕೊಡ್ಲಿ ಮಿಸ್?”

ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತ ಕಮ್ಮಿ ಇತ್ತು. ಇವಳಿಗೂ ಕಮ್ಮಿಯೇ ಇತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಸೊಪ್ಪು, ಕಾಳು ತಿನ್ನಲಿ, ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಲಿ, ಕಬ್ಬಿಣ ಮೈಗೆ ಹತ್ತುತ್ತದೆ ಅಂತ ನಾನೂ ಹೇಳಿದೆ. ಊಟ ಆದ ತಕ್ಷಣ ಕಾಫಿ ಕೊಡಬೇಡಿ ಅಂತಲೂ ಹೇಳಿದೆ. ಆಮೇಲೆ ಕೇಳಿದೆ: “ಆಟಕ್ಕೆ ಯಾವಾಗ ಕಳಿಸ್ತೀರಿ?”

ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. “ಬರೋವಾಗ ಕತ್ತಲಾಗುತ್ತಲ್ಲ ಮಿಸ್. ಒಬ್ಬಳೇ ಬರಬೇಕು.”

ಅದು ಸುಳ್ಳು ಭಯವಲ್ಲ. ಆ ರಸ್ತೆ ನನಗೂ ಗೊತ್ತು. ಅವರಿಗೆ ಬೈಯಬೇಕು ಅಂತ ಇದ್ದ ನನ್ನ ಮಾತೆಲ್ಲ ಅಲ್ಲೇ ನಿಂತಿತು. “ಹಾಗಾದ್ರೆ ನೀವೂ ಬನ್ನಿ” ಅಂದೆ.

ರಕ್ತ ಸರಿಹೋದ ಮೇಲೆ ಬಂದರು. ಜಿಲ್ಲಾ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತು, ರಾತ್ರಿ ಸಾರಿಗೆ ಸೊಪ್ಪು ಸೋಸುತ್ತಾ ಮಗಳ ಆಟ ನೋಡುತ್ತಿದ್ದರು. ಎರಡು ವಾರ ಹಾಗೇ ಕೂತರು. ಮೂರನೇ ವಾರ ಕಾಲು ಜೋಮು ಹಿಡಿಯಿತು ಅಂತ ಎದ್ದು ಟ್ರ್ಯಾಕಿನ ಸುತ್ತ ಒಂದು ರೌಂಡು ನಡೆದರು. ಆಮೇಲೆ ಪಕ್ಕದ ಮನೆಯವರನ್ನೂ ಕರೆತಂದರು, ಅವರ ಮಗಳ ಜೊತೆ. ಈಗ ಸಂಜೆ ಐದೂವರೆಗೆ ನಾಲ್ಕು ಜನ ಅಮ್ಮಂದಿರು ಸೆರಗು ಸಿಕ್ಕಿಸಿಕೊಂಡು ಸುತ್ತು ಹಾಕುತ್ತಿರುತ್ತಾರೆ. ಸೊಪ್ಪಿನ ಚೀಲ ಮೆಟ್ಟಿಲ ಮೇಲೆ ಇರುತ್ತದೆ. ಆಟ ಮುಗಿಸಿ ಬಂದ ಹುಡುಗಿಯರು ಕೂತು ಅದನ್ನು ಸೋಸುತ್ತಾರೆ.