ಎಡ ಹೆಬ್ಬೆರಳಿಗೆ ಕೊನೆಗೂ ಕೆಲಸ ಸಿಕ್ಕಿತು

ಏಳು ವಾರಗಳ ಕಾಲ ನಿಮಿಷಕ್ಕೆ 24 ಪದಗಳಲ್ಲಿ ಬೇರು ಬಿಟ್ಟಿದ್ದ ನನ್ನ ಕನ್ನಡ ಟೈಪಿಂಗ್ ನಿನ್ನೆ ರಾತ್ರಿ 33ಕ್ಕೆ ಮುಟ್ಟಿತು. ನಿಖರತೆ ಶೇ 96. ಇದೇ ಕೀಬೋರ್ಡಿನಲ್ಲಿ ಇಂಗ್ಲಿಷ್ 60ರ ಆಸುಪಾಸು ಓಡುತ್ತದೆ. ಬೆರಳು ಅವೇ, ಕೀಲಿ ಅವೇ, ಕನ್ನಡಕ್ಕೆ ಬಂದರೆ ಮಾತ್ರ ಎತ್ತಿನಗಾಡಿ ಏಕೆ ಎಂಬ ಒಂದೇ ಪ್ರಶ್ನೆಗೆ ಈ ಎರಡು ತಿಂಗಳು ಹೋಯಿತು. ಹೋಮ್ ರೋ (ಬೆರಳುಗಳು ನೆಲೆ ನಿಲ್ಲುವ ನಡುಸಾಲು), ಎಫ್ ಮತ್ತು ಜೆ ಮೇಲಿನ ಗೀಟು, ಕಣ್ಣು ಪರದೆಯ ಮೇಲೆ ಇತ್ಯಾದಿ ಪ್ರವಚನ ಇಲ್ಲಿ ಬೇಡ. ಅದನ್ನೆಲ್ಲ ದಾಟಿ ಬಂದವರೇ ಇದನ್ನು ಓದುತ್ತಿರುವಿರಿ.

ಮೊದಲು ಅಳತೆಯ ಮಾತು. ಟೈಪಿಂಗ್ ಲೆಕ್ಕದಲ್ಲಿ ಕೀಲಿಯ ಐದು ಒತ್ತುಗಳಿಗೆ ಒಂದು ಪದ. ಕನ್ನಡದ ನಿಜವಾದ ಪದಗಳನ್ನೇ ಎಣಿಸಲು ಹೋದರೆ ಮಾನ ಉಳಿಯುವುದಿಲ್ಲ. 'ಮಾಡಿಕೊಳ್ಳಬೇಕಾಗಿತ್ತು' ಎಂಬುದು ಓದುವವರಿಗೆ ಒಂದು ಪದ, ಎಂಟು ಅಕ್ಷರ. ಬೆರಳಿಗೆ ಮಾತ್ರ 19 ಒತ್ತು, ಅದರಲ್ಲಿ ಐದು ಶಿಫ್ಟ್ ಹಿಡಿದು ಒತ್ತುವಂಥವು. ಹಾಗಾಗಿ ಇಲ್ಲಿನ ಅಂಕಿಗಳೆಲ್ಲ ಐದರ ಲೆಕ್ಕದವು. ನಾನು ಬಳಸುವುದು ನುಡಿ ತಂತ್ರಾಂಶದಲ್ಲಿ ಇರುವ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ. ಸರ್ಕಾರವೂ ಒಪ್ಪಿಕೊಂಡದ್ದು, ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿ ಸಿಗುವುದು.

ಅಭ್ಯಾಸಕ್ಕೆ ನಾನು ಇಟ್ಟುಕೊಂಡಿದ್ದ ಪಠ್ಯ ನಮ್ಮ ಜಿಲ್ಲೆಯ ಹತ್ತು ತಾಲ್ಲೂಕುಗಳ ಹೆಸರು. ತುಮಕೂರು, ಶಿರಾ, ಪಾವಗಡ, ಕೊರಟಗೆರೆ ಎಲ್ಲವೂ ಬೆಣ್ಣೆಯಂತೆ ಜಾರುತ್ತಿದ್ದವು. ಗುಬ್ಬಿಗೆ ಬಂದಾಗ ಎಡವುತ್ತಿದ್ದೆ. ಚಿಕ್ಕನಾಯಕನಹಳ್ಳಿಯ 'ನಹ'ವರೆಗೆ ರೈಲಿನಂತೆ ಬಂದು 'ಳ್ಳಿ'ಯಲ್ಲಿ ಹಳಿ ತಪ್ಪುತ್ತಿದ್ದೆ. 'ಮಾಡುತ್ತೇನೆ' ಎಂದು ಬರೆದರೆ 'ಮಾಡುತತೇನೆ' ಎಂದು ಬರುತ್ತಿತ್ತು.

ಕೀಬೋರ್ಡನ್ನು ತಾವೇ ಜೋಡಿಸಿಕೊಳ್ಳುವ ಹವ್ಯಾಸಿಗಳ ಬುದ್ಧಿ ನಿಮಗೆ ಗೊತ್ತೇ ಇದೆ. ತಪ್ಪು ಬೆರಳಿನದು ಎಂದು ಯಾರೂ ಮೊದಲು ಒಪ್ಪುವುದಿಲ್ಲ, ಕೀಲಿಯ ಕೆಳಗಿನ ಸ್ವಿಚ್ಚಿನದು ಎನ್ನುತ್ತೇವೆ. ಒತ್ತಕ್ಷರ ಮೂಡಲು ಎರಡು ವ್ಯಂಜನಗಳ ನಡುವೆ ಒತ್ತಬೇಕಾದ ಹಲಂತ ಚಿಹ್ನೆ ಎಫ್ ಕೀಲಿಯಲ್ಲಿದೆ. ಎಫ್ ಒತ್ತಿದ್ದು ದಾಖಲಾಗುತ್ತಿಲ್ಲ, ಆದ್ದರಿಂದ ಎಫ್ ಸ್ವಿಚ್ ಸತ್ತಿದೆ ಎಂದು ತೀರ್ಪು ಕೊಟ್ಟೆ. ಹೊಸ ಸ್ವಿಚ್ ತರಿಸಿದೆ. ಹತ್ತು ಟ್ಯಾಕ್ಟೈಲ್ (ಒತ್ತುವಾಗ ನಡುವೆ ಸಣ್ಣ ತಡೆ ಬೆರಳಿಗೆ ತಿಳಿಯುವಂಥವು) ಕೇಳಿದ್ದಕ್ಕೆ ಹತ್ತು ಲೀನಿಯರ್ (ತಡೆಯಿಲ್ಲದೆ ನೇರ ಇಳಿಯುವಂಥವು) ಕಳುಹಿಸಿದ ಆ ಅಂಗಡಿಯವರಿಗೆ ಬರೆದರೆ, 'ಲೀನಿಯರ್ ಇನ್ನೂ ನುಣುಪಾಗಿರುತ್ತದೆ' ಎಂದು ಉತ್ತರ ಬಂತು. ಇಡ್ಲಿ ಕೇಳಿದವರಿಗೆ ಕೇಸರಿಬಾತ್ ಕೊಟ್ಟು, ಇದು ಇನ್ನೂ ಸಿಹಿಯಾಗಿದೆ ಎಂದಂತೆ. ಸರಿ, ಒಂದನ್ನು ಬೆಸುಗೆ ಬಿಡಿಸಿ ಹಾಕಿದೆ. ಡಿಬೌನ್ಸ್, ಅಂದರೆ ಒಂದು ಒತ್ತು ಎರಡಾಗಿ ದಾಖಲಾಗದಂತೆ ಕೀಬೋರ್ಡ್ ಕಾಯುವ ಸಮಯ, 5 ಮಿಲಿಸೆಕೆಂಡಿನಿಂದ 10ಕ್ಕೆ ಏರಿಸಿ ನೋಡಿದೆ. ಆಮೇಲೂ 'ಮಾಡುತತೇನೆ'ಯೇ.

ಆಗ ನೋಟುಪುಸ್ತಕ ಹಿಡಿದೆ. ಒಂದು ವಾರ ಆದ ಪ್ರತಿ ತಪ್ಪಿಗೂ ಒಂದು ಗೆರೆ. ಒಟ್ಟು 212 ತಪ್ಪು, ಅದರಲ್ಲಿ 131 ಒತ್ತಕ್ಷರದಲ್ಲಿ, ಆ 131ರಲ್ಲಿ 'ತ್ತ' ಒಂದರದೇ 58. 'ನ್ನ'ದಲ್ಲಿ ಹೆಚ್ಚುಕಡಿಮೆ ಸೊನ್ನೆ, 'ಲ್ಲ'ದಲ್ಲಿ ಮೂರು. ಇದೇ ಎಫ್ ಕೀಲಿ 'ನ್ನ'ದಲ್ಲಿ ಬದುಕಿದ್ದು 'ತ್ತ'ದಲ್ಲಿ ಸಾಯುತ್ತದೆಯೇ? ಸ್ವಿಚ್ಚಿಗೆ ಕನ್ನಡ ವ್ಯಾಕರಣ ಬರುವುದಿಲ್ಲವಲ್ಲ.

ಉತ್ತರ ಸಿಕ್ಕಿದ್ದು ಮಂಡಿಪೇಟೆಯ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ. ಅಕ್ಕನ ಮಗುವಿನ ನಾಮಕರಣದ ಆಮಂತ್ರಣ ಮಾಡಿಸಲು ಹೋಗಿದ್ದೆ. ಅಲ್ಲಿನ ಅಣ್ಣ ಇಪ್ಪತ್ತು ವರ್ಷಗಳಿಂದ ಲಗ್ನಪತ್ರಿಕೆ ಹೊಡೆಯುತ್ತಿದ್ದಾರೆ. ಬಳಸುವುದು ಒಟ್ಟು ಆರು ಬೆರಳು, ವೇಗ ನನಗಿಂತ ಎಷ್ಟೋ ಹೆಚ್ಚು. ನಾನು ಪತ್ರಿಕೆ ಬಿಟ್ಟು ಅವರ ಎಡಗೈಯನ್ನೇ ನೋಡುತ್ತ ನಿಂತೆ. 'ತ್ತ' ಬಂದಾಗೆಲ್ಲ ಟಿ ಮೇಲೆ ತೋರುಬೆರಳು, ಎಫ್ ಮೇಲೆ ನಡುಬೆರಳು.

'ಅಣ್ಣ, ಎಫ್ ಅನ್ನು ನಡುಬೆರಳಿನಲ್ಲಿ ಏಕೆ ಒತ್ತುತ್ತೀರಿ?'

ಅವರು ತಮ್ಮ ಕೈಯನ್ನು ಮೊದಲ ಸಲ ನೋಡುವವರಂತೆ ನೋಡಿಕೊಂಡರು. 'ಯಾವ ಬೆರಳು ಎಂದು ಯಾರು ನೋಡುತ್ತಾರೆ ಮೇಡಂ? ಖಾಲಿ ಇದ್ದದ್ದು ಹೋಗುತ್ತದೆ. ಮಗುವಿನ ಹೆಸರಿನಲ್ಲಿ ಶ ಯಾವುದು, ಅದು ಹೇಳಿ.'

ಖಾಲಿ ಇದ್ದದ್ದು ಹೋಗುತ್ತದೆ! ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂದೆ ಬರೆದು ನೋಡಿದೆ. ಶಾಸ್ತ್ರದ ಪ್ರಕಾರ ಎಡ ತೋರುಬೆರಳಿನ ಪಾಲಿಗೆ ಆರು ಕೀಲಿ: ಆರ್, ಟಿ, ಎಫ್, ಜಿ, ವಿ, ಬಿ. ನಮ್ಮ ವಿನ್ಯಾಸದಲ್ಲಿ ಅವು ರ, ತ, ಹಲಂತ, ಗ, ವ, ಬ. ಅಂದರೆ ತ್ತ, ಗ್ಗ, ಬ್ಬ, ವ್ವ, ತ್ರ, ರ್ವ, ರ್ಗ ಎಲ್ಲವನ್ನೂ ಒಂದೇ ಬೆರಳು ಮೂರು ಸಲ ಜಿಗಿದು ಒತ್ತಬೇಕು. 'ನ್ನ'ದಲ್ಲಿ ನ ಬಲಗೈಯದು, ಹಲಂತ ಎಡಗೈಯದು, ಜೋಡೆತ್ತಿನಂತೆ ಸಾಗುತ್ತದೆ. ಇನ್ನು 'ಸರ್ವತ್ರ' ತೆಗೆದುಕೊಳ್ಳಿ: ಏಳು ಒತ್ತು, ಮೊದಲ ಸ ಬಿಟ್ಟರೆ ಉಳಿದ ಆರೂ ಅದೇ ಬೆರಳಿಗೆ. 'ತತ್ತ್ವ' ಪೂರ್ತಿ ಆರಕ್ಕೆ ಆರು. 'ಬತ್ತ' ನಾಲ್ಕಕ್ಕೆ ನಾಲ್ಕು, ಬತ್ತ ಕುಟ್ಟಲು ಒಂದೇ ಒನಕೆ! ಅಚ್ಚಿನ ಕನ್ನಡದಲ್ಲಿ ಪ್ರತಿ ಎರಡನೆಯ ಕ್ರಿಯಾಪದ 'ಉತ್ತ' ಹೊತ್ತು ಬರುತ್ತದೆ. ಆಡುಮಾತಿನಲ್ಲಿ ಬರೆಯುವವರಿಗೆ ಅರ್ಧ ಕಷ್ಟ ತಪ್ಪುತ್ತದೆ, ಶುದ್ಧವಾಗಿ ಬರೆಯುವವರಿಗೆ ಇದು ಶಿಕ್ಷೆ.

ಇದನ್ನು ವಿನ್ಯಾಸದ ದೋಷ ಎಂದು ನಾನು ಜರೆಯುವುದಿಲ್ಲ. ಇಂಗ್ಲಿಷ್ ಕೀಲಿಮಣೆ ಬಲ್ಲವನು ಕ ಎಲ್ಲಿ, ಮ ಎಲ್ಲಿ ಎಂದು ಹುಡುಕದೆ ಕನ್ನಡ ಒತ್ತಲಿ ಎಂಬುದು ಅದರ ಜಾಣತನ. ಎಫ್‌ಗೆ ಕನ್ನಡದಲ್ಲಿ ಹೊಂದುವ ಅಕ್ಷರವಿಲ್ಲ, ಹೋಮ್ ರೋನಲ್ಲಿ ಬೆರಳಿನ ಕೆಳಗೇ ಖಾಲಿ ಬಿದ್ದಿದೆ. ಹಲಂತವನ್ನು ಅಲ್ಲಿ ಕೂರಿಸಿದ್ದು ನನಗಂತೂ ಸಹಜವಾಗಿಯೇ ಕಾಣುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ (ಕನ್ನಡದ ಇನ್ನೊಂದು ಕೀಲಿ ವಿನ್ಯಾಸ) ಈ ತಲೆನೋವು ಇಲ್ಲ: ಹಲಂತ ಎಡಗೈಯ ಡಿ ಕೀಲಿಯಲ್ಲಿ, ತ ಬಲಗೈಯ ಎಲ್ ಕೀಲಿಯಲ್ಲಿ. 'ಹಾಗಾದರೆ ಅದಕ್ಕೇ ಹೋಗಬಾರದೇ' ಎಂದು ಕೇಳಬೇಡಿ. ಹತ್ತು ವರ್ಷದ ಬೆರಳಿನ ನೆನಪನ್ನು ಅಳಿಸಿ ಮತ್ತೆ ಅ ಆ ಇ ಈ ತಿದ್ದುವ ತಾಳ್ಮೆ ನನಗಿಲ್ಲ.

ಅಣ್ಣನ ನಡುಬೆರಳಿನ ಉಪಾಯವನ್ನು ನಾಲ್ಕು ದಿನ ಮಾಡಿ ನೋಡಿದೆ. 'ತ್ತ' ಸರಿಹೋಯಿತು, 'ದ್ದ' ಕೆಟ್ಟಿತು. ದ ಇರುವ ಡಿ ಕೀಲಿ ನಡುಬೆರಳಿನದೇ. 'ತ್ತ'ಕ್ಕೆ ನಡುಬೆರಳು, 'ದ್ದ'ಕ್ಕೆ ತೋರುಬೆರಳು ಎಂದು ಮಧ್ಯದಲ್ಲಿ ತೀರ್ಮಾನಿಸಬೇಕು. ಅಣ್ಣನ ಕೈ ಅದನ್ನು ಕೇಳದೆಯೇ ಮಾಡುತ್ತದೆ. ನನ್ನ ಕೈ ಸಮಿತಿ ಕರೆದು ಸಭೆ ನಡೆಸುತ್ತದೆ. 'ಇದ್ದಿತ್ತು' ಒತ್ತುವಾಗ ಬೆರಳುಗಳು ಒಂದರ ಮೇಲೊಂದು ಬಿದ್ದವು.

ಖಾಲಿ ಇರುವ ಬೆರಳು ಯಾವುದು ಎಂದು ಹತ್ತನ್ನೂ ಎಣಿಸಿದೆ. ಸ್ಪೇಸ್ ಒತ್ತುವುದು ಬಲ ಹೆಬ್ಬೆರಳು. ಎಡ ಹೆಬ್ಬೆರಳು ನಾನು ಟೈಪಿಂಗ್ ಕಲಿತಂದಿನಿಂದ ಹಾಜರಿ ಹಾಕಿ ಪುಕ್ಕಟೆ ಸಂಬಳ ಎಣಿಸುತ್ತಿದೆ. ಹಲಂತವನ್ನು ಅದಕ್ಕೆ ಕೊಟ್ಟರೆ ತ್ತ, ದ್ದ, ಬ್ಬ ಎಲ್ಲಕ್ಕೂ ಒಂದೇ ನಿಯಮ. ಎಡ ಆಲ್ಟ್ ಕೀಲಿಗೆ ಹಾಕಿ ನೋಡಿದೆ. ಅದು ತುಂಬ ಎಡಕ್ಕಿದೆ, ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು ಎರಡೇ ದಿನದಲ್ಲಿ ನೋವು ಬಂತು. ಹಾಗಾಗಿ ಸ್ಪೇಸ್ ಬಾರನ್ನೇ ಮೂರು ತುಂಡು ಮಾಡಬೇಕಾಯಿತು: ಒಂದು ಅಕ್ಷರದ ಕೀಲಿಯ ಅಗಲ 1 ಎಂದು ಹಿಡಿದರೆ ಎಡಕ್ಕೆ 2.25, ನಡುವೆ 1.25, ಬಲಕ್ಕೆ 2.75. ನನ್ನ ಪಿಸಿಬಿಯಲ್ಲೂ (ಸ್ವಿಚ್ಚುಗಳನ್ನು ಬೆಸೆಯುವ ಸರ್ಕ್ಯೂಟ್ ಹಲಗೆ), ಅದರ ಮೇಲೆ ಸ್ವಿಚ್ಚುಗಳನ್ನು ಹಿಡಿದಿಡುವ ಪ್ಲೇಟಿನಲ್ಲೂ ಅದಕ್ಕೆ ಜಾಗ ಮೊದಲೇ ಇತ್ತು.

ಜಾಗ ಇತ್ತು, ಸರಿ. ಆದರೆ ಕಳೆದ ವರ್ಷ ಇದನ್ನು ಜೋಡಿಸಿದಾಗ, ಸದ್ದು ಚೆನ್ನಾಗಿರಲಿ ಎಂದು ಉದ್ದ ಕೀಲಿ ಓಲಾಡದಂತೆ ಹಿಡಿಯುವ ಸ್ಟೆಬಿಲೈಸರ್‌ಗಳಲ್ಲಿ ಪಿಸಿಬಿಗೆ ಸ್ಕ್ರೂ ಹಾಕುವಂಥದ್ದನ್ನು ಕೂರಿಸಿದ್ದೆ. ಅದನ್ನು ಬದಲಿಸಬೇಕೆಂದರೆ ಪ್ಲೇಟ್ ಏಳಬೇಕು. ಪ್ಲೇಟ್ ಏಳಬೇಕೆಂದರೆ 61 ಸ್ವಿಚ್ಚುಗಳ ಬೆಸುಗೆಯನ್ನೂ ಬಿಡಿಸಬೇಕು. 122 ಕಾಲು! ಶನಿವಾರ ಸಂಜೆ ಕೂತೆ. ಎಪ್ಪತ್ತು ದಾಟಿದಾಗ ಕರೆಂಟ್ ಹೋಯಿತು. ಬಂದ ಮೇಲೆ ಆತುರಪಟ್ಟು ಬಿ ಕೀಲಿಯ ಬೆಸುಗೆ ಹಿಡಿಯುವ ಪ್ಯಾಡನ್ನು ಬೇರುಸಹಿತ ಕಿತ್ತೆ. ಈಗ ಅಲ್ಲಿ ಒಂದು ಸಣ್ಣ ತಂತಿ ಸೇತುವೆಯಾಗಿ ಕೂತಿದೆ, ಯಾರೂ ನೋಡದಂತೆ ತಳ ಮುಚ್ಚಿದ್ದೇನೆ.

ಕೀಲಿಯ ಮೇಲಿನ ಟೋಪಿ, ಅಂದರೆ ಕೀಕ್ಯಾಪಿನದು ಇನ್ನೊಂದು ಪುರಾಣ. 2.25 ಮತ್ತು 2.75 ಕೇಳಿದ್ದಕ್ಕೆ 2 ಮತ್ತು 2.75 ಬಂದವು. 'ಕಾಲು ಅಂಶ ತಾನೇ ಕಡಿಮೆ' ಎಂದರು. ಕಾಲು ಅಂಶ ಕಡಿಮೆಯಾದರೆ ಪಕ್ಕದಲ್ಲಿ ಸಂದು ಬಿದ್ದು ಉಗುರು ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ, ಬಿಡಿ ಕ್ಯಾಪ್ ಕೇಳಿದವಳಿಗೆ ಬಣ್ಣಬಣ್ಣದ ದೀಪದ ಗೇಮಿಂಗ್ ಕೀಬೋರ್ಡ್ ತೋರಿಸಿದರು. ವಾಪಸ್ ರೈಲಿನಲ್ಲಿ, ಕ್ಯಾತಸಂದ್ರ ಹತ್ತಿರ ಬರುವಾಗ ಹೊಳೆಯಿತು: ಎಡ ಶಿಫ್ಟ್ ಕ್ಯಾಪ್ ಇರುವುದೇ 2.25! ಹಳೆಯ ಸೆಟ್ಟಿನ ಶಿಫ್ಟ್ ಕ್ಯಾಪನ್ನು ತಲೆಕೆಳಗಾಗಿ ತಿರುಗಿಸಿ ಹಾಕಿದೆ. ಇಳಿಜಾರು ಹೆಬ್ಬೆರಳಿಗೆ ಹೊಂದಿತು. ನೋಡಿದವರು ಇಲ್ಲಿ ಶಿಫ್ಟ್ ಏಕೆ ಶೀರ್ಷಾಸನ ಹಾಕಿದೆ ಎಂದು ಕೇಳುತ್ತಾರೆ.

ಮೊದಲ ಎರಡು ದಿನ ವೇಗ 11ಕ್ಕೆ ಕುಸಿಯಿತು. ಐದನೆಯ ದಿನ 'ತ್ತ' ತಾನಾಗಿ ಬಂತು. ತೋರುಬೆರಳು ಟಿ ಮೇಲೆಯೇ ನಿಂತಿರುತ್ತದೆ, ಹೆಬ್ಬೆರಳು ನಡುವೆ ತಾಳ ಹಾಕುತ್ತದೆ, ಅಷ್ಟೆ. ಎರಡನೆಯ ವಾರಕ್ಕೆ 29.

ಗುಬ್ಬಿ ಹಾರಿತು, ಚಿಕ್ಕನಾಯಕನಹಳ್ಳಿ ಮಾತ್ರ ಹಾಗೆಯೇ ಉಳಿಯಿತು. ಳ ಮತ್ತು ಣ ಶಿಫ್ಟ್ ಹಿಡಿದು ಒತ್ತುವವು, ಹಲಂತ ಶಿಫ್ಟ್ ಇಲ್ಲದ್ದು. 'ಳ್ಳ'ಕ್ಕೆ ಹಿಡಿ, ಬಿಡು, ಮತ್ತೆ ಹಿಡಿ. ಬಿಡುವುದು ಕೂದಲೆಳೆಯಷ್ಟು ತಡವಾದರೆ ದೊಡ್ಡ ಎಫ್ ಹೋಗಿ, ಬೇಕಾದ ಒತ್ತು ಮೂಡುವುದಿಲ್ಲ. ಅಣ್ಣ, ಹಳ್ಳಿ, ಬೆಳ್ಳಿ, ಕಣ್ಣು, ಒಳ್ಳೆಯ, ಎಷ್ಟು ಪದಗಳಿವೆ ನೋಡಿ. ಹೇಗೂ ಈಗ ಹಲಂತ ಪ್ರತ್ಯೇಕ ಕೀಲಿಯಾಗಿದೆಯಲ್ಲ, ಕೀಬೋರ್ಡಿನೊಳಗೆ ಓಡುವ ತಂತ್ರಾಂಶ ಕ್ಯೂಎಂಕೆಯಲ್ಲಿ ಏಳೆಂಟು ಸಾಲು ಬರೆದೆ: ಈ ಕೀಲಿ ಒತ್ತಿದಾಗ ಶಿಫ್ಟ್ ಹಿಡಿದಿದ್ದರೆ ನೆನಪಿಟ್ಟುಕೋ, ಅದನ್ನು ಕ್ಷಣಕಾಲ ತೆಗೆ, ಸಣ್ಣ ಎಫ್ ಕಳುಹಿಸು, ಶಿಫ್ಟನ್ನು ಮತ್ತೆ ಹಾಕು. ಮೊದಲ ಪ್ರಯತ್ನದಲ್ಲಿ ಕೊನೆಯ ಸಾಲನ್ನು ಮರೆತು 'ಹಳ್ಲಿ' ಬಂತು. ಸೇರಿಸಿದ ಮೇಲೆ, ಶಿಫ್ಟ್ ಒತ್ತಿ ಹಿಡಿದೇ ಎಲ್, ಹೆಬ್ಬೆರಳು, ಎಲ್. 'ಳ್ಳ'! ರಾತ್ರಿ ಹನ್ನೊಂದೂವರೆಗೆ ಚಿಕ್ಕನಾಯಕನಹಳ್ಳಿಯನ್ನು ನಲವತ್ತು ಸಲ ಒತ್ತಿದೆ. ಮೇಲೆ ಹೇಳಿದ 33 ಅದರ ಮರುದಿನದ ಲೆಕ್ಕ.

ಶಿಫ್ಟಿನ ಮಾತು ಬಂತು, ಅದಕ್ಕೇ ಹೇಳುತ್ತೇನೆ. ಆ, ಈ, ಏ, ಓ ಎಲ್ಲ ದೀರ್ಘಕ್ಕೂ ಶಿಫ್ಟ್ ಬೇಕು, ಕಿರುಬೆರಳು ಎಷ್ಟೆಂದು ದುಡಿಯಬೇಕು? ಅತ್ತೆಯ ಹೊಲಿಗೆ ಯಂತ್ರದ ಮೋಟಾರ್ ಪೆಡಲ್ ಅಟ್ಟದ ಮೇಲಿದೆ. ಅದನ್ನು ಕಾಲಿನ ಶಿಫ್ಟ್ ಮಾಡುವ ಯೋಚನೆ. ಬಿಚ್ಚಿ ನೋಡಿದೆ, ಒಳಗೆ ಸ್ವಿಚ್ ಅಲ್ಲ, ಒತ್ತಿದಷ್ಟೂ ಬದಲಾಗುವ ರೆಸಿಸ್ಟರ್. ಅದನ್ನು ತೆಗೆದು ಮೈಕ್ರೋಸ್ವಿಚ್ ಕೂರಿಸಬೇಕು. ಅತ್ತೆಗೆ ಇನ್ನೂ ಹೇಳಿಲ್ಲ. ಸ್ವರ ಹೊರಡಿಸಲು ಹಾರ್ಮೋನಿಯಂಗೆ ತಿದಿ ಇರುವಂತೆ, ದೀರ್ಘ ಸ್ವರಕ್ಕೆ ಕಾಲಿನ ಒತ್ತು. ಆಗಬಾರದೇ?

ಉಳಿದಿರುವ ತೊಂದರೆ ಎರಡು. ನಡುವಿನ 1.25 ಕೀಲಿ ಕನ್ನಡ-ಇಂಗ್ಲಿಷ್ ಬದಲಾಯಿಸುತ್ತದೆ, ಇಂಗ್ಲಿಷ್‌ನಲ್ಲಿದ್ದಾಗ ಎಡ ಹೆಬ್ಬೆರಳಿಗೆ ಬ್ಯಾಕ್‌ಸ್ಪೇಸ್ ಕೊಟ್ಟಿದ್ದೇನೆ. ಕಂಪ್ಯೂಟರ್ ಒಂದು ಭಾಷೆಯಲ್ಲಿ, ಕೀಬೋರ್ಡ್ ಇನ್ನೊಂದರಲ್ಲಿ ಸಿಕ್ಕಿಕೊಂಡರೆ, ಒತ್ತು ಕೊಡಲು ಹೋದಾಗ ಅಕ್ಷರವೇ ಮಾಯ. ಇದಕ್ಕೆ ಪರಿಹಾರ ಬಲ್ಲವರು ತಿಳಿಸಿ.

ಇನ್ನೊಂದಕ್ಕೆ ಪರಿಹಾರ ಇಲ್ಲ. ನಾನು ಪಾಠ ಮಾಡುವ ಕಾಲೇಜಿನ ಕಂಪ್ಯೂಟರಿನಲ್ಲಿ ಮಾಮೂಲಿ ಸ್ಪೇಸ್ ಬಾರ್ ಇದೆ. ಎಡ ಹೆಬ್ಬೆರಳಿಗೆ ಈಗ ಕೆಲಸದ ರುಚಿ ಹತ್ತಿದೆ, ಎಲ್ಲಿ ಕೂತರೂ ಒತ್ತುತ್ತದೆ. ಮೊನ್ನೆ ಎರಡು ದಿನದ ರಜೆ ಅರ್ಜಿಯನ್ನು ಅವಸರದಲ್ಲಿ ಒತ್ತಿ, ಓದದೆ ಸಹಿ ಹಾಕಿ ಕೊಟ್ಟೆ. ಪ್ರಾಂಶುಪಾಲರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: 'ರಜೆ ಮಂಜೂರು ಮಾಡಬೇಕೆಂದು ಕೋರುತ ತೇನೆ.' ಆಮೇಲೆ ಕೇಳಿದರು, 'ಇದಕ್ಕೆ ರಾಗ ಯಾವುದು ಮೇಡಂ?'